ಭಂಗಾರಕ್ಕೆ ಹೊಂಟ 'ಬಂಗಾರ': ಹಳೆ ಪಿಕಪ್ ಮಾಲೀಕರು ಸೈಲೆನ್ಸರ್ ಮಾರುವ ಮುನ್ನ

ಅಕ್ಕಲಕೋಟ: ದ್ರಾಕ್ಷಿ, ಉಳ್ಳಾಗಡ್ಡಿ, ಹಾಲಿನ ಕ್ಯಾನು ಹೇರಿಕೊಂಡು ಗಡಿಯ ಆಚೆ ಈಚೆ ಓಡಾಡುವ ಪಿಕಪ್ ಗಾಡಿಗಳಿಗೆ ವಯಸ್ಸಾಗಿದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂತು. ಅದಕ್ಕೂ ಮುಂಚಿನ ಬಿಎಸ್-4 ಗಾಡಿಗಳು ಒಂದೊಂದಾಗಿ ಎಂಟು ವರ್ಷ ದಾಟುತ್ತಿವೆ. ಎಂಟು ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು. ಪೆಟ್ರೋಲ್, ಸಿಎನ್‌ಜಿ ಗಾಡಿಗಳ ಆಕ್ಸಿಜನ್ ಸೆನ್ಸರ್ ದಣಿಯುವುದೂ ಸಾಮಾನ್ಯವಾಗಿ ಇದೇ ಹೊತ್ತಿಗೆ. ಎದುರಿಗೆ ಹಳದಿ ದೀಪ ಹತ್ತಿ ನಿಲ್ಲುತ್ತದೆ.

ಆಗ ಗ್ಯಾರೇಜಿನ ಕಟ್ಟೆಯ ಮೇಲೆ ಪುಕ್ಕಟೆ ಸಲಹೆ ಸಿಗುತ್ತದೆ: 'ಸೈಲೆನ್ಸರ್‌ದಾಗಿನ ಜಾಲರಿ ತೆಗೆಸಿಬಿಡ್ರಿ, ಗಾಡಿ ಚಲೋ ಎಳೀತದ, ಮ್ಯಾಲ ರೊಕ್ಕಾನೂ ಬರ್ತದ.'

ರೊಕ್ಕ ಬರುವುದು ಖರೆ. ಆ ಜಾಲರಿಯೇ ಕ್ಯಾಟಲಿಟಿಕ್ ಕನ್ವರ್ಟರ್. ಜೇನುಗೂಡಿನಂಥ ಪಿಂಗಾಣಿಯ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನವಿರುತ್ತದೆ. 2021ರಲ್ಲಿ ರೋಡಿಯಂ ಬೆಲೆ ಚಿನ್ನದ ಹತ್ತು ಪಟ್ಟು ಮೀರಿತ್ತು. ಪುಣೆ ಕಡೆ ನಿಲ್ಲಿಸಿದ ಈಕೋ ಗಾಡಿಗಳ ಸೈಲೆನ್ಸರ್ ಕದ್ದ ಪ್ರಕರಣಗಳು ಸುದ್ದಿಯಾದದ್ದೂ ಆ ವರ್ಷವೇ. ಮರಾಠಿಯಲ್ಲಿ ಭಂಗಾರ ಅಂದರೆ ಗುಜರಿ, ಕನ್ನಡದಲ್ಲಿ ಬಂಗಾರ ಬೇರೆ. ಇಲ್ಲಿ ಮಾತ್ರ ಎರಡೂ ಒಂದೇ ಆಗಿವೆ!

ಆದರೆ ಮಾಲೀಕನ ಲೆಕ್ಕ ಬೇರೆಯೇ ಇದೆ. ಮೊದಲ ಸೆನ್ಸರ್ ಕನ್ವರ್ಟರ್‌ಗಿಂತ ಮುಂಚೆ ಇರುತ್ತದೆ. ಹೊಗೆಯಲ್ಲಿ ಎಷ್ಟು ಆಕ್ಸಿಜನ್ ಉಳಿದಿದೆ ಎಂದು ಅದು ಎಂಜಿನ್ ಕಂಪ್ಯೂಟರಿಗೆ ತಿಳಿಸುತ್ತದೆ, ಅದರ ಮೇಲೆ ಇಂಧನದ ಪ್ರಮಾಣ ನಿರ್ಧಾರವಾಗುತ್ತದೆ. ಅದು ದಣಿದು ತಪ್ಪು ಸಂದೇಶ ಕೊಟ್ಟರೆ ಇಂಧನ ಹೆಚ್ಚಿಗೆ ಸುರಿಯಬಹುದು. ಮೈಲೇಜ್ ಬೀಳುತ್ತದೆ, ಉರಿಯದ ಇಂಧನ ಜಾಲರಿಯಲ್ಲಿ ಉರಿಯುತ್ತದೆ, ಪಿಂಗಾಣಿ ಕರಗಿ ಮುಚ್ಚಿಕೊಳ್ಳುತ್ತದೆ. ಎಳೆತ ಕಡಿಮೆಯಾಗುವುದು ಆಗ. ಪ್ಲಗ್ ಸರಿಯಾಗಿ ಹಾರದಿದ್ದರೂ, ಎಂಜಿನ್ ಆಯಿಲ್ ಕುಡಿಯುತ್ತಿದ್ದರೂ ಇದೇ ಗತಿ. ಅಂದರೆ ಜಾಲರಿ ಬಹಳ ಸಲ ತಾನಾಗಿ ಸಾಯುವುದಿಲ್ಲ, ಬೇರೆ ಯಾವುದೋ ಅದನ್ನು ಕೊಲ್ಲುತ್ತದೆ. ಕಾರಣ ಹುಡುಕದೆ ಹೊಸ ಕನ್ವರ್ಟರ್ ಕೂರಿಸಿದರೆ ಅದೂ ಹೋಗುತ್ತದೆ.

ಎರಡು ಸೆನ್ಸರ್ ಇರುವ ಗಾಡಿಯಲ್ಲಿ ಹಿಂದಿನದು ಕನ್ವರ್ಟರಿನ ಕಾವಲುಗಾರ. ಸ್ಕ್ಯಾನರ್‌ನಲ್ಲಿ ಮುಂದಿನದು ಸರಸರ ಏರಿಳಿಯಬೇಕು, ಹಿಂದಿನದು ಹೆಚ್ಚುಕಡಿಮೆ ಸ್ಥಿರವಾಗಿರಬೇಕು. ಹಿಂದಿನದೂ ಮುಂದಿನದರಂತೆ ಕುಣಿದರೆ ಜಾಲರಿ ಸೋತಿದೆ ಎಂದರ್ಥ. ಆದರೂ ಪೈಪಿನ ಜೋಡಣೆಯಲ್ಲಿ ಗಾಳಿ ಸೋರುತ್ತಿದೆಯೇ ಎಂದು ಮೊದಲು ನೋಡಿಸಬೇಕು. ಸೋರಿಕೆ ಇದ್ದರೆ ಒಳ್ಳೆ ಸೆನ್ಸರ್ ಕೂಡ ಸುಳ್ಳು ಹೇಳುತ್ತದೆ.

ಇನ್ನು ಪಿಯುಸಿ. ಪೆಟ್ರೋಲ್, ಸಿಎನ್‌ಜಿ ಬಿಎಸ್-4 ಗಾಡಿ ನಿಂತಲ್ಲೇ ಓಡುವಾಗ ಕಾರ್ಬನ್ ಮೊನಾಕ್ಸೈಡ್ ಶೇ. 0.3 ಮೀರುವಂತಿಲ್ಲ. ಜಾಲರಿ ಇಲ್ಲದ ಗಾಡಿ ಇಲ್ಲಿ ಸಿಕ್ಕಿಬೀಳುವ ಸಂಭವವೇ ಹೆಚ್ಚು. ಡೀಸೆಲ್ ಪಿಕಪ್‌ಗೆ ಅಳೆಯುವುದು ಹೊಗೆಯ ದಟ್ಟಣೆ ಮಾತ್ರ, ಹೀಗಾಗಿ ಜಾಲರಿ ಮಾರಿಕೊಂಡ ಡೀಸೆಲ್ ಗಾಡಿ ಸಲೀಸಾಗಿ ಪಾಸಾಗಬಹುದು. ಬೇನೆ ತರುವ ನೈಟ್ರೋಜನ್ ಆಕ್ಸೈಡನ್ನು ಎರಡರಲ್ಲೂ ಅಳೆಯುವುದಿಲ್ಲ. ವ್ಯವಸ್ಥೆಯಲ್ಲಿ ದೊಡ್ಡ ತೂತು ಇರುವುದೇ ಇಲ್ಲಿ.

ಹಾಗಂತ ಧೈರ್ಯ ಮಾಡುವುದು ಬೇಡ. 2019ರ ತಿದ್ದುಪಡಿಯ ಪ್ರಕಾರ ಹೊಗೆ ನಿಯಮ ಮುರಿದರೆ ಮೊದಲ ಸಲಕ್ಕೇ ₹10,000 ವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ. ಲೈಸೆನ್ಸಿಗೂ ಮೂರು ತಿಂಗಳು ತಡೆ. ಸ್ಥಳದಲ್ಲೇ ಕಟ್ಟಿಸಿಕೊಳ್ಳುವ ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಬೆಳಿಗ್ಗೆ ಜತ್ತ, ಮಧ್ಯಾಹ್ನ ವಿಜಯಪುರ ಅಂತ ತಿರುಗುವ ನಮ್ಮ ಚಾಲಕರು ಇದನ್ನು ನೆನಪಿಡಬೇಕು.

ಸೊಲ್ಲಾಪುರದವರಿಗೆ ಇದು ಹೊಸ ವಿಷಯವೇನಲ್ಲ. 2010ರಲ್ಲಿ ಬಿಎಸ್-4 ಮೊದಲು ಬಂದ 13 ನಗರಗಳ ಪಟ್ಟಿಯಲ್ಲಿ ಬೆಂಗಳೂರಿನ ಜೊತೆ ಸೊಲ್ಲಾಪುರವೂ ಇತ್ತು. ದೇಶದ ಎಲ್ಲ ಕಡೆ ಅದು ಬಂದದ್ದು 2017ಕ್ಕೆ.

ಸೆನ್ಸರ್ ಬದಲಿಸುವುದು ದೊಡ್ಡ ಕೆಲಸವಲ್ಲ. ಎಂಜಿನ್ ತುಸು ಬೆಚ್ಚಗಿರುವಾಗ, ವೈರ್ ಹೋಗಲು ಸೀಳು ಇರುವ ಸ್ಪ್ಯಾನರ್‌ನಿಂದ ಬಿಚ್ಚುತ್ತಾರೆ. ಗಾಡಿಯ ಮಾಡೆಲ್‌ಗೆ ಹೇಳಿದ ಸೆನ್ಸರನ್ನೇ ತರಿಸಬೇಕು. ಕನ್ವರ್ಟರನ್ನೂ ಬದಲಿಸಲೇಬೇಕಾದರೆ ಬಿಲ್ ಬರೆಸುವ ಮುಂಚೆ ಹಳೆಯದು ಯಾರಿಗೆ ಸೇರುತ್ತದೆ ಎಂದು ಕೇಳಿ. ಅದು ಗ್ಯಾರೇಜಿನಲ್ಲೇ ಉಳಿಯುವುದಾದರೆ ಅದರ ಬೆಲೆ ಬಿಲ್ಲಿನಲ್ಲಿ ಕಳೆದಿರಬೇಕು.