ಎರಡನೆಯ ಗೆಡ್ಡೆ ಮೊದಲನೆಯದರ ಕೂಸೇ?

ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ನಾಲ್ಕಾರು ವರ್ಷ ನೆಮ್ಮದಿಯಾಗಿದ್ದ ಹಿರಿಯರೊಬ್ಬರಿಗೆ ಮತ್ತೆ ಗೆಡ್ಡೆ ಕಾಣಿಸಿಕೊಂಡಿತೆಂದರೆ ಮನೆಮಂದಿಯ ಧೈರ್ಯ ಕುಸಿಯುತ್ತದೆ. "ಬೇರು ಉಳಿದಿತ್ತು, ಈಗ ಹರಡಿದೆ, ಇನ್ನು ಸುಮ್ಮನೆ ನೋಯಿಸುವುದು ಬೇಡ" ಎಂದು ಪರೀಕ್ಷೆಯನ್ನೂ ಮಾಡಿಸದೆ ರೋಗಿಯನ್ನು ಊರಿಗೆ ಕರೆತರುವವರುಂಟು. ಈ ಊಹೆ ಕೆಲವೊಮ್ಮೆ ನಿಜವೇ ಆಗಿರುತ್ತದೆ. ಆದರೆ ಆ ಗೆಡ್ಡೆ ಹಳೆಯದರಿಂದ ಬಂದುದಾಗಿರದೆ, ತಾನೇ ಬೇರೆಯಾಗಿ ಹುಟ್ಟಿದ ಹೊಸ ರೋಗವಾಗಿದ್ದು, ಇನ್ನೂ ಎಳೆಯ ಹಂತದಲ್ಲಿದ್ದರೆ? ಗುಣವಾಗಬಹುದಾದವರನ್ನು ನಾವೇ ಕೈಬಿಟ್ಟಂತಾಗುತ್ತದೆ.

ಭೇದವೇನೆಂಬುದನ್ನು ಮೊದಲು ತಿಳಿಯೋಣ. ಜಠರದ ಕ್ಯಾನ್ಸರ್ ಯಕೃತ್ತಿಗೆ ಹರಡಿದರೆ ಅಲ್ಲಿ ಬೆಳೆಯುವುದು ಜಠರದ ಜೀವಕೋಶಗಳೇ ಹೊರತು ಯಕೃತ್ತಿನವಲ್ಲ. ಅದು ಹಳೆಯ ರೋಗದ ಮುಂದಿನ ಹೆಜ್ಜೆ. ಹಾಗಲ್ಲದೆ ಒಬ್ಬರಲ್ಲೇ ಜಠರದಲ್ಲೊಂದು, ದೊಡ್ಡ ಕರುಳಿನಲ್ಲೊಂದು, ಪರಸ್ಪರ ಸಂಬಂಧವಿಲ್ಲದೆ ಹುಟ್ಟುವುದೂ ಉಂಟು. ಇವನ್ನು ಗುರುತಿಸಲು 1932ರಲ್ಲಿ ಅಮೆರಿಕದ ವಾರನ್ ಮತ್ತು ಗೇಟ್ಸ್ ಹೇಳಿದ ನಿಯಮಗಳು ಇಂದಿಗೂ ಆಧಾರವಾಗಿವೆ: ಎರಡೂ ನಿಸ್ಸಂದೇಹವಾಗಿ ಕ್ಯಾನ್ಸರ್ ಆಗಿರಬೇಕು, ಪ್ರತ್ಯೇಕವಾಗಿರಬೇಕು, ಒಂದು ಇನ್ನೊಂದರಿಂದ ಹರಡಿದ್ದಲ್ಲವೆಂದು ಸ್ಪಷ್ಟವಾಗಬೇಕು. ಸ್ಕ್ಯಾನ್ ಒಂದರಿಂದಲೇ ಇದನ್ನು ನಿರ್ಣಯಿಸಲಾಗದು. ಗೆಡ್ಡೆಯ ಚೂರು ತೆಗೆದು ಬಯಾಪ್ಸಿ ಮಾಡಿಸಲೇಬೇಕು.

ಒಬ್ಬರಿಗೇ ಎರಡೆರಡು ಸಲ ಏಕೆ ಬರಬೇಕು? ಬಾಯಿಯಿಂದ ಗುದದವರೆಗೆ ಅನ್ನದ ಹಾದಿ ಒಂದೇ. ಹೊಗೆಸೊಪ್ಪು ಮತ್ತು ಮದ್ಯ ಆ ಹಾದಿಯ ಮೇಲ್ಭಾಗವನ್ನೆಲ್ಲ, ಬಾಯಿ, ಗಂಟಲು, ಅನ್ನನಾಳಗಳನ್ನು, ಒಟ್ಟಾಗಿಯೇ ಕೆಡಿಸುತ್ತವೆ. ಹೊಲದ ತುಂಬ ಕಳೆಯ ಬೀಜ ಬಿದ್ದಿರುವಾಗ ಒಂದು ಗಿಡ ಕಿತ್ತ ಮಾತ್ರಕ್ಕೆ ಹೊಲ ಹಸನಾಗದಷ್ಟೆ. ಸ್ಲಾಟರ್ ಮತ್ತು ಸಂಗಡಿಗರು 1953ರಲ್ಲಿ ಬಾಯಿಯ ಕ್ಯಾನ್ಸರಿನ 783 ರೋಗಿಗಳನ್ನು ಕುರಿತು ಬರೆದಾಗ, ನೂರಕ್ಕೆ ಸುಮಾರು 11 ಮಂದಿಯಲ್ಲಿ ಒಂದಕ್ಕಿಂತ ಹೆಚ್ಚು ಸ್ವತಂತ್ರ ಗೆಡ್ಡೆಗಳಿದ್ದುವು. ಅವರೂ ಈ ಸ್ಥಿತಿಗೆ ಹೊಲದ ಹೆಸರನ್ನೇ ಇಟ್ಟರು. ಬಾಯಿಯ ಶಸ್ತ್ರಚಿಕಿತ್ಸೆಯಾದ ಮೇಲೆ "ಹೊಗೆಸೊಪ್ಪು ಬಿಟ್ಟಿದ್ದೇನೆ, ಬರೀ ಎಲೆ ಅಡಿಕೆ" ಎನ್ನುವವರು ನಮ್ಮ ನಾಡಿನಲ್ಲಿ ಕಡಿಮೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದೇ ಹೇಳಿದೆ.

ಇನ್ನು ಯಾವ ಚಟವೂ ಇಲ್ಲದವರ ಮಾತು. 1895ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞ ಆಲ್ಡ್ರೆಡ್ ವಾರ್ಥಿನ್ ಅವರಿಗೆ ಹೊಲಿಗೆಯ ಕೆಲಸದ ಹೆಣ್ಣುಮಗಳೊಬ್ಬಳು ಕ್ಯಾನ್ಸರಿನಿಂದಲೇ ತನಗೆ ಬೇಗ ಸಾವು ಬರುವುದೆಂದು ಹೇಳಿದಳು. ಅವಳ ಮನೆತನದಲ್ಲಿ ಬಹಳ ಮಂದಿ ಕರುಳಿನ, ಜಠರದ ಅಥವಾ ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಆರೋಗ್ಯವಾಗಿದ್ದ ಆಕೆ ಮುಂದೆ ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶದ ಕ್ಯಾನ್ಸರಿನಿಂದ ಮಡಿದಳು. ವಾರ್ಥಿನ್ ಆ ಮಾತನ್ನು ಭ್ರಮೆಯೆಂದು ತಳ್ಳಿಹಾಕದೆ ಮನೆತನದ ವಂಶಾವಳಿಯನ್ನು ಬರೆದಿಟ್ಟು 1913ರಲ್ಲಿ ಪ್ರಕಟಿಸಿದರು. ಲೋಕ ಅದನ್ನು ಮರೆತೇಬಿಟ್ಟಿತ್ತು. 1966ರಲ್ಲಿ ಹೆನ್ರಿ ಲಿಂಚ್ ಎಂಬ ವೈದ್ಯರು ಇಂಥವೇ ಮತ್ತೆರಡು ಮನೆತನಗಳನ್ನು ವರ್ಣಿಸಿದರು. ಇಂದು ಈ ದೋಷಕ್ಕೆ ಅವರದೇ ಹೆಸರು. ಕಾರಣವಾದ ವಂಶವಾಹಿಗಳು ಒಂದೊಂದಾಗಿ ಪತ್ತೆಯಾದದ್ದು 1993ರಿಂದ ಈಚೆಗೆ. ಆ ಹೆಣ್ಣುಮಗಳ ವಂಶದಲ್ಲಿಯೂ ಅಂಥ ದೋಷವಿತ್ತೆಂಬುದು 2000ದಲ್ಲಿ ದೃಢಪಟ್ಟಿತು.

ದೋಷವೆಂದರೆ ಇಷ್ಟು: ಜೀವಕೋಶ ಒಂದು ಎರಡಾಗುವಾಗ ತನ್ನೊಳಗಿನ ಬರಹವನ್ನು ನಕಲು ಮಾಡುತ್ತದೆ. ನಕಲಿನ ಅಕ್ಷರದೋಷಗಳನ್ನು ತಿದ್ದುವ ವ್ಯವಸ್ಥೆಯೂ ಅಲ್ಲೇ ಇರುತ್ತದೆ. ಇವರಲ್ಲಿ ಆ ವ್ಯವಸ್ಥೆಯೇ ದುರ್ಬಲ, ಕರಡು ತಿದ್ದುವವರಿಲ್ಲದ ಅಚ್ಚುಕೂಟದಂತೆ. ಆದುದರಿಂದಲೇ ಐವತ್ತು ತುಂಬುವ ಮೊದಲೇ ಕರುಳಿನಲ್ಲಿ ಗೆಡ್ಡೆ, ಮುಂದೆ ಕರುಳಿನ ಉಳಿದ ಭಾಗದಲ್ಲೋ ಜಠರದಲ್ಲೋ ಮತ್ತೊಂದು.

ತಂದೆ ತಾಯಿಯರಲ್ಲಿ ಒಬ್ಬರಿಗೆ ಈ ದೋಷವಿದ್ದರೆ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು. ಗಂಡು ಹೆಣ್ಣೆಂಬ ಭೇದವಿಲ್ಲ. ನಮ್ಮಲ್ಲಿ ವಂಶವೆಂದರೆ ತಂದೆಯ ಕಡೆಯದೆಂಬ ರೂಢಿ. ವೈದ್ಯರು ಕೇಳಿದಾಗ ತಾಯಿಯ ತವರಿನ ಸಾವುಗಳು, ಮದುವೆಯಾಗಿ ಹೋದ ಅತ್ತೆಯ ಗರ್ಭಕೋಶದ ಕಾಯಿಲೆ, ಯಾವುದೂ ನಮ್ಮ ನಾಲಿಗೆಗೆ ಬರುವುದಿಲ್ಲ. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವ ಮನೆಗಳು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ದಂಪತಿಗಳಿಬ್ಬರಲ್ಲೂ ಅದೇ ದೋಷವಿದ್ದರೆ, ಮಗುವಿಗೆ ಅದು ಎರಡೂ ಕಡೆಯಿಂದ ಬಂದು ಬಾಲ್ಯದಲ್ಲಿಯೇ ಕ್ಯಾನ್ಸರ್ ತಲೆದೋರಬಹುದು. ಹೆಣ್ಣು ಕೇಳುವವರು ಹಿಂಜರಿದಾರೆಂಬ ಅಂಜಿಕೆಯಿಂದ ಕಾಯಿಲೆಯ ಹೆಸರನ್ನೇ ಮುಚ್ಚಿಡುವ ತಂದೆತಾಯಿಗಳ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಮುಚ್ಚಿಟ್ಟದ್ದರ ಬೆಲೆ ತೆರುವವಳು ಆ ಮಗಳೇ. ದೋಷ ಖಚಿತವಾದವರಿಗೆ ಸಾಮಾನ್ಯವಾಗಿ ಇಪ್ಪತ್ತರಿಂದ ಇಪ್ಪತ್ತೈದರ ವಯಸ್ಸಿನಿಂದಲೇ, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ, ದೊಡ್ಡ ಕರುಳಿನ ಕೊಲೊನೋಸ್ಕೋಪಿ ಪರೀಕ್ಷೆಯನ್ನು ಸೂಚಿಸುತ್ತಾರೆ. ಗೆಡ್ಡೆ ಮೊಳೆಯುವ ಮೊದಲೇ ಅದರ ಮೊಗ್ಗನ್ನು ಚಿವುಟಲು ಸಾಧ್ಯ.

ವಂಶದ ದೋಷವಿಲ್ಲದ ರೋಗಿಗಳಿಗೂ ನಿಗಾ ತಪ್ಪಿದ್ದಲ್ಲ. ದೊಡ್ಡ ಕರುಳಿನ ಕ್ಯಾನ್ಸರ್ ಬಂದ ನೂರು ಮಂದಿಯಲ್ಲಿ ಎರಡರಿಂದ ಐದು ಮಂದಿಗೆ ಅದೇ ಹೊತ್ತಿನಲ್ಲಿ ಕರುಳಿನ ಬೇರೊಂದು ಕಡೆ ಇನ್ನೊಂದು ಇರುತ್ತದೆ. ಆದಕಾರಣ ಶಸ್ತ್ರಚಿಕಿತ್ಸೆಗೆ ಮೊದಲು ಇಡೀ ಕರುಳನ್ನು ನೋಡಿದ್ದಾರೆಯೇ ಎಂದು ಕೇಳಬೇಕು. ಗೆಡ್ಡೆ ಅಡ್ಡಗಟ್ಟಿ ಕೊಳವೆ ಮುಂದೆ ಹೋಗದಿದ್ದಲ್ಲಿ, ಶಸ್ತ್ರಚಿಕಿತ್ಸೆಯಾದ ಮೂರರಿಂದ ಆರು ತಿಂಗಳೊಳಗೆ ಉಳಿದ ಭಾಗವನ್ನು ನೋಡಿಸಬೇಕು. ಮೊದಲೇ ಪೂರ್ತಿ ನೋಡಿದ್ದರೆ ಶಸ್ತ್ರಚಿಕಿತ್ಸೆಯಾದ ಒಂದು ವರ್ಷಕ್ಕೆ, ಅದು ಶುದ್ಧವಾಗಿದ್ದರೆ ಅಲ್ಲಿಂದ ಮೂರು ವರ್ಷಕ್ಕೆ, ಅನಂತರ ಐದು ವರ್ಷಕ್ಕೆ. ಹೊಟ್ಟೆನೋವಿಲ್ಲ, ಊಟ ಸೇರುತ್ತದೆ ಎಂಬುದು ಇದನ್ನು ಬಿಡಲು ಕಾರಣವಾಗದು.

ಆಸ್ಪತ್ರೆಯಿಂದ ಮರಳುವಾಗ ಬಯಾಪ್ಸಿಯ ವರದಿಯನ್ನು ಆಸ್ತಿಪತ್ರಗಳ ಜೊತೆಯಲ್ಲಿಯೇ ಜೋಪಾನಮಾಡಿರಿ. ಗೆಡ್ಡೆಯ ಚೂರನ್ನು ಮೇಣದ ಬಿಲ್ಲೆಯಲ್ಲಿ ಹುದುಗಿಸಿಟ್ಟಿರುತ್ತಾರೆ. ಅದನ್ನು ಬ್ಲಾಕ್ ಎನ್ನುತ್ತಾರೆ. ಅದು ಎಲ್ಲಿದೆ, ಯಾವ ಸಂಖ್ಯೆಯದು ಎಂಬುದನ್ನೂ ವರದಿಯ ಹಿಂಬದಿಯಲ್ಲಿ ಬರೆದುಕೊಳ್ಳಿರಿ. ಮತ್ತೊಂದು ಗೆಡ್ಡೆ ಕಂಡ ದಿನ, ಅದು ಹಳೆಯದೋ ಹೊಸದೋ ಎಂದು ಹೋಲಿಸಿ ನೋಡಲು ವೈದ್ಯರು ಮೊದಲು ಕೇಳುವುದು ಅದನ್ನೇ.