ಪರದೇಶ ಪ್ರಯಾಣಿಕರೂ ಕಾರ್ಡಿನ ವಂಚನೆಯೂ

ಪರದೇಶಗಳಿಗೆ ಹೋಗಿಬರುವುದು ಒಂದು ಕಾಲಕ್ಕೆ ನಮ್ಮಲ್ಲಿ ಶ್ರೀಮಂತರಿಗೂ ರಾಜಪುರುಷರಿಗೂ ಮಾತ್ರ ಸಾಧ್ಯವಾಗಿದ್ದ ಸಂಗತಿ. ಇಂದು ಹಾಗಿಲ್ಲ. ವಿದ್ಯಾರ್ಜನೆಗಾಗಿ ಹೋಗುವ ತರುಣರು, ಹೊಟ್ಟೆಪಾಡಿಗಾಗಿ ಕೊಲ್ಲಿಯ ದೇಶಗಳಿಗೆ ತೆರಳುವ ಕರಾವಳಿಯ ದುಡಿಮೆಗಾರರು, ಹಜ್ ಯಾತ್ರಿಕರು, ಮಗಳ ಬಾಣಂತನಕ್ಕೆಂದು ಅಮೆರಿಕೆಯ ದಾರಿ ಹಿಡಿಯುವ ವೃದ್ಧ ತಾಯಿತಂದೆಗಳು, ಇವರೆಲ್ಲರೂ ಇಂದು ವಿಮಾನವನ್ನೇರುತ್ತಿದ್ದಾರೆ. ಹಿಂದೆ ಕಾಶಿಯಾತ್ರೆಗೆ ಹೊರಟವರು ನಡುವಿಗೆ ಹಮ್ಮಿಣಿಯನ್ನು ಬಿಗಿದೋ, ಸಾಹುಕಾರನಿಂದ ಹುಂಡಿಯನ್ನು ಬರೆಯಿಸಿಕೊಂಡೋ ಹೋಗುತ್ತಿದ್ದರು. ಇಂದಿನ ಪ್ರಯಾಣಿಕನ ಹಮ್ಮಿಣಿಯೂ ಹುಂಡಿಯೂ ಬ್ಯಾಂಕಿನವರು ಕೊಟ್ಟ ಅಂಗೈಯಗಲದ ಕಾರ್ಡಿನಲ್ಲಿ ಅಡಗಿವೆ. ಹಮ್ಮಿಣಿಯನ್ನು ಕದಿಯಬೇಕಾದರೆ ಕಳ್ಳನು ಮೈಮುಟ್ಟಬೇಕಾಗಿತ್ತು. ಕಾರ್ಡಿನ ಕಳ್ಳನಿಗೆ ಆ ಶ್ರಮವೂ ಬೇಕಿಲ್ಲ. ಕಾರ್ಡು ಒಡೆಯನ ಜೇಬಿನಲ್ಲಿ ಭದ್ರವಾಗಿರುವಾಗಲೇ ಹಣವು ಹೊರಟುಹೋಗುತ್ತದೆ. ಈ ವಿಷಯದಲ್ಲಿ ನಮ್ಮ ವಾಚಕರು ತಿಳಿದಿರಬೇಕಾದ ಸಂಗತಿಗಳೂ, ಬ್ಯಾಂಕಿನವರು ನೆನಪಿಡಬೇಕಾದ ಹೊಣೆಗಳೂ ಹಲವಿರುವುದರಿಂದ ನಾಲ್ಕು ಮಾತುಗಳನ್ನು ಬರೆಯುವುದು ನಮ್ಮ ಕರ್ತವ್ಯವೆಂದು ತಿಳಿಯುತ್ತೇವೆ.

ಇದು ಕಲ್ಪನೆಯ ಭಯವಲ್ಲ. 2016ನೆಯ ಇಸವಿಯ ಅಕ್ಟೋಬರಿನಲ್ಲಿ ನಮ್ಮ ದೇಶದ ಬ್ಯಾಂಕುಗಳ ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ವಿವರಗಳು ಕಳ್ಳರ ಕೈಸೇರಿರಬಹುದೆಂಬ ಶಂಕೆಯುಂಟಾಗಿ, ಅವುಗಳಲ್ಲಿ ಅನೇಕವನ್ನು ಬ್ಯಾಂಕಿನವರು ರದ್ದುಗೊಳಿಸಬೇಕಾಯಿತು. 19 ಬ್ಯಾಂಕುಗಳ 641 ಮಂದಿ ಗ್ರಾಹಕರು ಒಟ್ಟು 1.3 ಕೋಟಿ ರೂಪಾಯಿಗಳನ್ನು ಕಳೆದುಕೊಂಡರೆಂದು ರಾಷ್ಟ್ರೀಯ ಪಾವತಿ ನಿಗಮವು ಆಗ ಪ್ರಕಟಿಸಿತು. ಒಡೆಯರು ಭಾರತದಲ್ಲಿಯೇ ಇದ್ದಾಗ ಅವರ ಕಾರ್ಡುಗಳು ಚೀನಾ, ಅಮೆರಿಕೆಗಳಲ್ಲಿ ಉಪಯೋಗವಾದುವೆಂಬ ದೂರುಗಳಿಂದಲೇ ಈ ಗುಟ್ಟು ಬಯಲಾದದ್ದು. ಮರಳಿ 2018ರ ಆಗಸ್ಟಿನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನ ಗಣಕವ್ಯವಸ್ಥೆಯೊಳಕ್ಕೆ ನುಗ್ಗಿದ ಕಳ್ಳರು ಎರಡು ಮೂರು ದಿವಸಗಳಲ್ಲಿ 94 ಕೋಟಿ ರೂಪಾಯಿಗಳಿಗೂ ಹೆಚ್ಚಿನ ಹಣವನ್ನು ಅಪಹರಿಸಿದರು. ಅದರ ಬಹುಭಾಗವನ್ನು ನಕಲಿ ಕಾರ್ಡುಗಳ ಮೂಲಕ 28 ದೇಶಗಳ ಎಟಿಎಂ ಯಂತ್ರಗಳಿಂದ ತೆಗೆಯಲಾಗಿತ್ತು.

ಕಳ್ಳರು ಪರದೇಶದ ಯಂತ್ರಗಳನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವುಂಟು. ಕಾರ್ಡಿನ ಬೆನ್ನ ಮೇಲಿರುವ ಕಪ್ಪು ಕಾಂತಪಟ್ಟಿಯಲ್ಲಿ ಬರೆದ ವಿವರವು ಎಂದೆಂದಿಗೂ ಒಂದೇ. ಯಂತ್ರದ ಬಾಯಿಗೆ ಸಣ್ಣದೊಂದು ಕಳ್ಳಸಾಧನವನ್ನು ಅಂಟಿಸಿ ಅದನ್ನೊಮ್ಮೆ ಓದಿಕೊಂಡರೆ ಸಾಕು, ಅಂಥದೇ ಮತ್ತೊಂದು ಕಾರ್ಡನ್ನು ಮಾಡಿಕೊಳ್ಳಬಹುದು. ಪಿನ್ ಎಂಬ ಗುಪ್ತಸಂಖ್ಯೆಯನ್ನು ಅರಿಯುವುದಕ್ಕೆ ಗುಂಡಿಗಳ ಮೇಲ್ಗಡೆ ಬಹು ಸಣ್ಣ ಕ್ಯಾಮರಾವನ್ನು ಬಚ್ಚಿಡುತ್ತಾರೆ. ಚಿಪ್ಪಿನ ರೀತಿ ಬೇರೆ. ಅದು ಪ್ರತಿಯೊಂದು ವ್ಯವಹಾರಕ್ಕೂ ಹೊಸ ಗುರುತೊಂದನ್ನು ಹುಟ್ಟಿಸುತ್ತದೆ. ಒಮ್ಮೆ ಸಂದ ಗುರುತು ಮತ್ತೆ ಸಲ್ಲದು. ನಮ್ಮ ರಿಜರ್ವ್ ಬ್ಯಾಂಕು 2018ರ ಡಿಸೆಂಬರ್ 31ರೊಳಗೆ ಕಾರ್ಡುಗಳು ಚಿಪ್ಪುಳ್ಳವಾಗಬೇಕೆಂದು ವಿಧಿಸಿತು. ಆದರೆ ಅಮೆರಿಕೆಯಲ್ಲಿ ಪೆಟ್ರೋಲು ಬಂಕುಗಳಿಗೆ 2021ರ ಏಪ್ರಿಲಿನವರೆಗೂ ಕಾಲಾವಕಾಶ ದೊರೆತಿತ್ತು. ಎಲ್ಲ ದೇಶಗಳೂ ಒಂದೇ ಹೆಜ್ಜೆಯಲ್ಲಿ ನಡೆಯದ ಕಾರಣ ಚಿಪ್ಪಿನ ಕಾರ್ಡಿನ ಬೆನ್ನಿನಲ್ಲಿಯೂ ಹಳೆಯ ಪಟ್ಟಿ ಉಳಿದುಕೊಂಡಿದೆ. ಮಾಸ್ಟರ್‌ಕಾರ್ಡ್ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಕ್ರಮದಂತೆ ಅದರ ಕಾರ್ಡುಗಳಿಂದ ಈ ಪಟ್ಟಿಯು ಪೂರ್ಣವಾಗಿ ಮರೆಯಾಗುವುದು 2033ಕ್ಕೆ. ಅಲ್ಲಿಯವರೆಗೆ ಮುಂಬಾಗಿಲಿಗೆ ಭದ್ರವಾದ ಬೀಗವಿದ್ದರೂ ಹಿತ್ತಲ ಬಾಗಿಲು ಅರೆತೆರೆದಿದೆಯೆಂದೇ ತಿಳಿಯತಕ್ಕದ್ದು.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಸಂಗತಿಯನ್ನು ನಮ್ಮ ಜನರಲ್ಲಿ ಬಹುಮಂದಿ ಅರಿಯರು. ಸ್ವದೇಶದಲ್ಲಿ ಅಂತರಜಾಲದ ಮೂಲಕ ಏನನ್ನಾದರೂ ಕೊಂಡಾಗ ಕಾರ್ಡಿನ ಸಂಖ್ಯೆಯೊಂದೇ ಸಾಲದು. ಓಟಿಪಿಯಂಥ ಎರಡನೆಯ ಪರೀಕ್ಷೆಯೊಂದು ಬೇಕು. 2009ರ ಆಗಸ್ಟಿನಿಂದ ಈ ಎರಡನೆಯ ಬೀಗವನ್ನು ರಿಜರ್ವ್ ಬ್ಯಾಂಕು ಕಡ್ಡಾಯಮಾಡಿತು. ಹಾಗೆಯೇ 2022ರ ಅಕ್ಟೋಬರ್ 1ರಿಂದ ಇಲ್ಲಿನ ವರ್ತಕರು ಗ್ರಾಹಕನ ಕಾರ್ಡಿನ ಸಂಖ್ಯೆಯನ್ನು ತಮ್ಮಲ್ಲಿ ಬರೆದಿಟ್ಟುಕೊಳ್ಳುವಂತಿಲ್ಲ. ಈ ಎರಡು ರಕ್ಷಣೆಗಳ ನೆರಳಿನಲ್ಲಿ ಬೆಳೆದ ಅಭ್ಯಾಸದಿಂದ ನಾವು ನಿಶ್ಚಿಂತರಾಗಿದ್ದೇವೆ. ಆದರೆ ನಮ್ಮ ನಿಯಮಗಳು ನಮ್ಮ ಕಾರ್ಡಿನೊಡನೆ ವಿಮಾನವನ್ನೇರಿ ಬರುವುದಿಲ್ಲ. ಪರದೇಶದ ಅನೇಕ ವರ್ತಕರು ಕಾರ್ಡಿನ ಮುಖದ ಸಂಖ್ಯೆಯನ್ನೂ ಬೆನ್ನಿನ ಮೂರಂಕಿಗಳನ್ನೂ ಕೇಳಿ, ಓಟಿಪಿಯ ಗೊಡವೆಯಿಲ್ಲದೆ ಹಣವನ್ನು ಸೆಳೆದುಕೊಳ್ಳಬಲ್ಲರು. ಆ ಸಂಖ್ಯೆಯನ್ನು ತಮ್ಮ ಕಡತದಲ್ಲಿ ಉಳಿಸಿಕೊಳ್ಳಲೂ ಬಲ್ಲರು. ಆ ಕಡತ ಕಳವಾದರೆ ನಮ್ಮವನ ಸಂಖ್ಯೆಯೂ ಕಳವಾಯಿತು. 2025ರ ಸೆಪ್ಟೆಂಬರಿನಲ್ಲಿ ರಿಜರ್ವ್ ಬ್ಯಾಂಕು ಹೊರಡಿಸಿದ ನಿರ್ದೇಶನಗಳಲ್ಲಿ, ಪರದೇಶದ ವರ್ತಕರು ಎರಡನೆಯ ಪರೀಕ್ಷೆಯನ್ನು ಕೇಳಿದಾಗ ಅದನ್ನು ನಡೆಯಿಸಿಕೊಡುವ ಏರ್ಪಾಡನ್ನು ನಮ್ಮ ಬ್ಯಾಂಕುಗಳು 2026ರ ಅಕ್ಟೋಬರ್ 1ರೊಳಗೆ ಮಾಡಿರಬೇಕೆಂದು ವಿಧಿಸಿದೆ. ಇದು ಶ್ಲಾಘ್ಯವಾದ ಕ್ರಮ. ಆದರೆ ‘ಕೇಳಿದಾಗ’ ಎಂಬ ಮಾತನ್ನು ವಾಚಕರು ಗಮನಿಸಬೇಕು. ಕೇಳದ ವರ್ತಕನ ವಿಷಯದಲ್ಲಿ ಪ್ರಯಾಣಿಕನಿಗೆ ತನ್ನ ಎಚ್ಚರಿಕೆಯೇ ಎರಡನೆಯ ಬೀಗ.

ಆ ಎಚ್ಚರಿಕೆಯು ಮನೆಯಲ್ಲಿಯೇ ಮೊದಲಾಗತಕ್ಕದ್ದು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮದಂತೆ ಹೊಸ ಕಾರ್ಡು ಸ್ವದೇಶದ ಎಟಿಎಂಗಳಿಗೂ ಅಂಗಡಿಯ ಯಂತ್ರಗಳಿಗೂ ಮಾತ್ರ ತೆರೆದಿರುತ್ತದೆ. ಪರದೇಶದ ಉಪಯೋಗ ಬೇಕಾದವರು ಅದನ್ನು ತಾವಾಗಿ ತೆರೆಯಿಸಿಕೊಳ್ಳಬೇಕು. ಎಟಿಎಂ, ಅಂಗಡಿ, ಅಂತರಜಾಲ, ಸೋಕಿಸಿ ಹಣ ಕೊಡುವ ರೀತಿ, ಈ ಒಂದೊಂದನ್ನೂ ಬೇರೆ ಬೇರೆಯಾಗಿ ತೆರೆಯುವ, ಮುಚ್ಚುವ, ಮಿತಿಯನ್ನು ಗೊತ್ತುಮಾಡುವ ಅಧಿಕಾರವು ಗ್ರಾಹಕನ ಕೈಯಲ್ಲಿಯೇ ಇದೆ. ಬ್ಯಾಂಕಿನ ಮೊಬೈಲ್ ಆ್ಯಪಿನಿಂದ ಹಗಲಿರುಳೆನ್ನದೆ ಅದನ್ನು ಮಾಡಬಹುದು. ಬೇಕಾದ ಬಾಗಿಲನ್ನು ಬೇಕಾದಷ್ಟು ಮಾತ್ರ ತೆರೆದು, ಊರಿಗೆ ಮರಳಿದೊಡನೆ ಮುಚ್ಚುವುದು ವಿವೇಕ. ಜೀವಮಾನದ ಉಳಿತಾಯವಿರುವ ಖಾತೆಯ ಡೆಬಿಟ್ ಕಾರ್ಡನ್ನು ಪರದೇಶದ ಅಂಗಡಿಯಂಗಡಿಗೆ ಒಯ್ಯುವುದು ಸರ್ವಥಾ ಸಲ್ಲದು. ಡೆಬಿಟ್ ಕಾರ್ಡಿನಿಂದ ಹೋದದ್ದು ನಮ್ಮ ಹಣ, ಅದನ್ನು ಮರಳಿ ಪಡೆಯುವವರೆಗೆ ಮನೆಯ ಖರ್ಚೇ ನಿಲ್ಲಬಹುದು. ಕ್ರೆಡಿಟ್ ಕಾರ್ಡಿನಲ್ಲಿ ಮೊದಲು ಹೋಗುವುದು ಬ್ಯಾಂಕಿನ ಹಣ. ವಿದೇಶೀ ನಾಣ್ಯವನ್ನು ಮೊದಲೇ ತುಂಬಿಸಿಕೊಂಡ ಫೋರೆಕ್ಸ್ ಕಾರ್ಡಿನಲ್ಲಾದರೆ ನಷ್ಟವು ತುಂಬಿದಷ್ಟಕ್ಕೇ ಸೀಮಿತ. ಎರಡು ಕಾರ್ಡುಗಳನ್ನು ಒಯ್ದು ಒಂದನ್ನು ಚೀಲದಲ್ಲಿ, ಮತ್ತೊಂದನ್ನು ತಂಗುವ ಕೋಣೆಯ ಭದ್ರಪೆಟ್ಟಿಗೆಯಲ್ಲಿ ಇಡುವುದು ಮೇಲು.

ಇನ್ನೊಂದು ಸಣ್ಣ ಸಂಗತಿಯಿಂದ ದೊಡ್ಡ ಅನರ್ಥವಾಗುವುದುಂಟು. ಪರದೇಶದಲ್ಲಿ ಅಲ್ಲಿನ ಸಿಮ್ಮನ್ನು ಹಾಕಿಕೊಂಡು ನಮ್ಮ ಸಿಮ್ಮನ್ನು ತೆಗೆದಿಟ್ಟವನಿಗೆ ಬ್ಯಾಂಕಿನ ಎಸ್ಸೆಮ್ಮೆಸ್ ಮುಟ್ಟುವುದಿಲ್ಲ. ಹಣ ಹೋದ ಸುದ್ದಿಯೂ ತಿಳಿಯುವುದಿಲ್ಲ. ಆದಕಾರಣ ಹೊರಡುವುದಕ್ಕೆ ಮುಂಚೆಯೇ ಇಮೇಲಿನ ವಿಳಾಸವನ್ನು ಬ್ಯಾಂಕಿನಲ್ಲಿ ನಮೂದಿಸಿ, ಎಚ್ಚರಿಕೆಯ ಸಂದೇಶಗಳು ಅದಕ್ಕೂ ಬರುವಂತೆ ಮಾಡಿಕೊಳ್ಳಬೇಕು. 1800ರಿಂದ ಮೊದಲಾಗುವ ಉಚಿತ ದೂರವಾಣಿ ಸಂಖ್ಯೆಗಳು ಪರದೇಶದಿಂದ ಸಾಮಾನ್ಯವಾಗಿ ದೊರೆಯವು. +91ರಿಂದ ಮೊದಲಾಗುವ ಬ್ಯಾಂಕಿನ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಇಟ್ಟುಕೊಳ್ಳಬೇಕು. ಫೋನೇ ಕಳವಾದ ದಿವಸ ಫೋನಿನಲ್ಲಿ ಬರೆದಿಟ್ಟದ್ದು ಪ್ರಯೋಜನಕ್ಕೆ ಬಾರದು.

ಪರದೇಶವನ್ನು ಮುಟ್ಟಿದ ಮೇಲೆ ಹಣ ತೆಗೆಯುವ ಸ್ಥಳವನ್ನು ಆರಿಸುವುದರಲ್ಲಿ ಜಾಣತನ ಬೇಕು. 2015ರಲ್ಲಿ ಮೆಕ್ಸಿಕೋ ದೇಶದ ಕಾನ್‌ಕುನ್ ಮೊದಲಾದ ವಿಹಾರಸ್ಥಳಗಳ ಎಟಿಎಂಗಳ ಒಡಲೊಳಗೇ ಕಳ್ಳಸಾಧನಗಳನ್ನು ಅಡಗಿಸಿ, ಕಾರ್ಡಿನ ವಿವರಗಳನ್ನು ನಿಸ್ತಂತುವಾಗಿ ಹೊರಗಿನಿಂದ ಸಂಗ್ರಹಿಸುತ್ತಿದ್ದ ಕೃತ್ಯವು ಬೆಳಕಿಗೆ ಬಂದಿತು. ನೋಡಿದವರಿಗೆ ಹೊರಗಡೆ ಯಾವ ಕುರುಹೂ ಕಾಣುವಂತಿರಲಿಲ್ಲ. ಆದುದರಿಂದ ಯಂತ್ರವನ್ನು ಅಲುಗಾಡಿಸಿ ನೋಡುವುದರಿಂದಲೇ ಎಲ್ಲವೂ ತಿಳಿಯಿತೆಂದು ಭಾವಿಸಬಾರದು. ಬೀದಿಯ ಮೂಲೆ, ಮದ್ಯದಂಗಡಿ, ಪ್ರವಾಸಿಗಳ ಸಂತೆ ಇಂಥ ಕಡೆಗಳ ಒಂಟಿ ಯಂತ್ರಗಳನ್ನು ಬಿಟ್ಟು, ಬ್ಯಾಂಕಿನ ಕಟ್ಟಡದೊಳಗಿನ ಯಂತ್ರದಲ್ಲಿ, ಬ್ಯಾಂಕು ತೆರೆದಿರುವ ವೇಳೆಯಲ್ಲಿ ಹಣ ತೆಗೆಯುವುದು ಕ್ಷೇಮ. ಗುಪ್ತಸಂಖ್ಯೆಯನ್ನು ಒತ್ತುವಾಗ ಮತ್ತೊಂದು ಕೈಯನ್ನು ಮರೆಮಾಡಿದರೆ ಮೇಲಿನ ಕ್ಯಾಮರಾ ಕುರುಡಾಗುತ್ತದೆ. ಇಷ್ಟು ಸುಲಭವಾದ ರಕ್ಷಣೆ ಮತ್ತೊಂದಿಲ್ಲ. ಹೋಟೆಲಿನ ಮಾಣಿಯಾಗಲಿ ಅಂಗಡಿಯವನಾಗಲಿ ಕಾರ್ಡನ್ನು ಒಳಗೆ ಒಯ್ಯಬಿಡಕೂಡದು. ಯಂತ್ರವನ್ನೇ ಬಳಿಗೆ ತರಿಸಬೇಕು. ಸಹಾಯಮಾಡುತ್ತೇನೆಂದು ಯಂತ್ರದ ಬಳಿ ತಾನಾಗಿ ಬರುವ ಅಪರಿಚಿತನನ್ನು ನಯವಾಗಿ ದೂರವಿಡಬೇಕು. ‘ನಿಮ್ಮ ಕಾರ್ಡು ನಿಂತುಹೋಗಿದೆ, ಸಂಖ್ಯೆ ಹೇಳಿ’ ಎಂದು ಬರುವ ಕರೆಯು, ಅದು ಶುದ್ಧ ಕನ್ನಡದಲ್ಲಿಯೇ ಬರಲಿ, ಕಳ್ಳನ ಕರೆಯೆಂದೇ ತಿಳಿಯಬೇಕು. ಹಣವನ್ನು ರೂಪಾಯಿಗಳಲ್ಲಿ ಲೆಕ್ಕಹಾಕಲೇ ಎಂದು ಯಂತ್ರವು ಕೇಳಿದರೆ ಬೇಡವೆಂದು, ಆ ದೇಶದ ನಾಣ್ಯದಲ್ಲಿಯೇ ಕೊಡುವುದು ಲೇಸು. ರೂಪಾಯಿಯ ಆಸೆಗೆ ಒಪ್ಪಿದವನು ಹೆಚ್ಚಿನ ದರವನ್ನು ತೆರಬೇಕಾಗುತ್ತದೆ. ಇದು ಕಾನೂನಿನ ದೃಷ್ಟಿಯಲ್ಲಿ ಕಳವಲ್ಲವಾದರೂ ಅರಿಯದವನ ಜೇಬಿಗೆ ಕತ್ತರಿಯೇ ಸರಿ.

ಇಷ್ಟೆಲ್ಲ ಜಾಗರೂಕತೆಯಿದ್ದರೂ ಹಣ ಹೋಯಿತೆಂದರೆ ಮಾಡತಕ್ಕದ್ದೇನು? ಇಲ್ಲಿ ಕಾಲವೇ ಹಣ. ಮೊದಲು ಆ್ಯಪಿನಲ್ಲಿ ಕಾರ್ಡನ್ನು ಮುಚ್ಚಬೇಕು. ಒಡನೆಯೇ ಬ್ಯಾಂಕಿಗೆ ತಿಳಿಸಿ ದೂರಿನ ಸಂಖ್ಯೆಯನ್ನು ಪಡೆಯಬೇಕು. ಅದನ್ನೇ ಇಮೇಲಿನ ಮೂಲಕ ಬರವಣಿಗೆಯಲ್ಲಿಯೂ ಕಳುಹಿಸಬೇಕು. ರಿಜರ್ವ್ ಬ್ಯಾಂಕು 2017ರ ಜುಲೈ 6ರಂದು ವಿಧಿಸಿದ ನಿಯಮವು ಗ್ರಾಹಕನಿಗೆ ದೊಡ್ಡ ಆಸರೆಯಾಯಿತು. ಬ್ಯಾಂಕಿನ ತಪ್ಪೂ ಗ್ರಾಹಕನ ತಪ್ಪೂ ಇಲ್ಲದೆ ನಡುವೆ ಎಲ್ಲಿಯೋ ಕಳವಾದಾಗ, ಬ್ಯಾಂಕಿನ ಸೂಚನೆ ಮುಟ್ಟಿದ ಮೂರು ಕೆಲಸದ ದಿವಸಗಳೊಳಗೆ ದೂರಿತ್ತವನಿಗೆ ನಷ್ಟದ ಹೊಣೆ ಎಳ್ಳಷ್ಟೂ ಇಲ್ಲವೆಂದು ಅದು ಸಾರಿತು. ನಾಲ್ಕರಿಂದ ಏಳು ದಿವಸಗಳಾದರೆ ಹೊಣೆಗೊಂದು ಮಿತಿ. ಸಾಮಾನ್ಯ ಉಳಿತಾಯ ಖಾತೆಗೆ ಅದನ್ನು 10,000 ರೂಪಾಯಿಗಳೆಂದು ಗೊತ್ತುಮಾಡಿತು. ಏಳು ದಿವಸಗಳು ಕಳೆದರೆ ಬ್ಯಾಂಕಿನ ಸ್ವಂತ ಕಟ್ಟಳೆಯೇ ಗತಿ. ಗುಪ್ತಸಂಖ್ಯೆಯನ್ನು ತಾನೇ ಪರರಿಗೆ ತಿಳಿಸಿದವನಾದರೋ ದೂರು ಕೊಡುವವರೆಗಿನ ನಷ್ಟವನ್ನೆಲ್ಲ ತಾನೇ ಹೊರಬೇಕು. ಇಂಥ ಮೊತ್ತಗಳೂ ಗಡುವುಗಳೂ ಆಗಾಗ ಪರಿಷ್ಕಾರಗೊಳ್ಳತಕ್ಕವಾದ್ದರಿಂದ ಹೊರಡುವಾಗ ಜಾರಿಯಲ್ಲಿರುವ ನಿಯಮವನ್ನು ಬ್ಯಾಂಕಿನಲ್ಲಿ ಕೇಳಿ ತಿಳಿಯುವುದು ಒಳ್ಳೆಯದು. ‘ಊರಿಗೆ ಹೋದ ಮೇಲೆ ನೋಡೋಣ’ ಎಂದು ಎರಡು ವಾರ ಸುಮ್ಮನಿದ್ದವನು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲನ್ನು ಹಾಕಿದವನಂತಾಗುತ್ತಾನೆ.

ಇನ್ನು ಬ್ಯಾಂಕಿನವರಿಗೆ ಒಂದೆರಡು ಮಾತು. ಗ್ರಾಹಕನು ತಪ್ಪುಮಾಡಿದನೆಂಬುದನ್ನು ಸಿದ್ಧಪಡಿಸುವ ಭಾರ ಬ್ಯಾಂಕಿನದೇ ಎಂದು 2017ರ ಆ ನಿಯಮವು ಸ್ಪಷ್ಟವಾಗಿ ಹೇಳಿತು. ದೂರು ಬಂದ ಹತ್ತು ಕೆಲಸದ ದಿವಸಗಳೊಳಗೆ ಆ ಮೊತ್ತವನ್ನು ಖಾತೆಗೆ ಜಮಾಮಾಡಬೇಕೆಂದೂ, 90 ದಿವಸಗಳೊಳಗೆ ದೂರನ್ನು ಇತ್ಯರ್ಥಪಡಿಸಬೇಕೆಂದೂ ಆಜ್ಞಾಪಿಸಿತು. ಹೀಗಿರುವಾಗ ‘ಗುಪ್ತಸಂಖ್ಯೆಯನ್ನು ಒತ್ತಿದ್ದಾರೆ, ಆದ್ದರಿಂದ ನೀವೇ ಕೊಟ್ಟಿರಬೇಕು’ ಎಂಬ ಒಂದೇ ಉತ್ತರದಿಂದ ದೂರುಗಾರನನ್ನು ಮರಳಿ ಕಳುಹಿಸುವುದು ನ್ಯಾಯವೂ ಅಲ್ಲ, ಬ್ಯಾಂಕಿನ ಗೌರವಕ್ಕೆ ತಕ್ಕದ್ದೂ ಅಲ್ಲ. ಸೂಕ್ಷ್ಮ ಕ್ಯಾಮರಾ ಗುಪ್ತಸಂಖ್ಯೆಯನ್ನು ಕದಿಯಬಲ್ಲುದೆಂಬುದು ಬ್ಯಾಂಕಿನವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಮುವ್ವತ್ತು ದಿವಸಗಳಲ್ಲಿ ಸಮರ್ಪಕವಾದ ಉತ್ತರ ಬಾರದಿದ್ದರೆ ರಿಜರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಲ್ಲಿ ದೂರು ಸಲ್ಲಿಸುವ ಹಕ್ಕು ಪ್ರತಿಯೊಬ್ಬ ಗ್ರಾಹಕನಿಗೂ ಉಂಟು. ಅದಕ್ಕೆ ಶುಲ್ಕವಿಲ್ಲ. ಆ ಹಕ್ಕನ್ನು ಚಲಾಯಿಸಲು ಸಂಕೋಚಪಡಕೂಡದು.

ಭಾಷೆಯ ಪ್ರಶ್ನೆಯೂ ಇಲ್ಲಿ ಸಣ್ಣದಲ್ಲ. ಎಚ್ಚರಿಕೆಯ ಸಂದೇಶವು ಗ್ರಾಹಕನಿಗೆ ಅರ್ಥವಾದರೆ ಮಾತ್ರ ಎಚ್ಚರಿಕೆ. ಜನ್ಮದಲ್ಲಿ ಮೊದಲ ಸಲ ಪರದೇಶಕ್ಕೆ ಹೋದ ವೃದ್ಧೆಗೆ ಇಂಗ್ಲಿಷಿನ ಎರಡು ಸಾಲು, ನಾಲ್ಕು ಸಂಕ್ಷೇಪಾಕ್ಷರಗಳು ನಡುರಾತ್ರಿ ಬಂದು ಬಿದ್ದರೆ ಆಕೆಗೆ ತಿಳಿಯುವುದೇನು? ಮೂರು ದಿವಸಗಳ ಗಡುವು ಅಲ್ಲಿಂದಲೇ ಎಣಿಸತಕ್ಕದ್ದೆಂದರೆ, ಆ ಸಂದೇಶವನ್ನು ಆಕೆಯ ನುಡಿಯಲ್ಲಿ ಕಳುಹಿಸುವ ಹೊಣೆ ಬ್ಯಾಂಕಿನದಲ್ಲವೇ? ಕರ್ನಾಟಕದಲ್ಲಿ ಠೇವಣಿಯನ್ನು ಸಂಗ್ರಹಿಸುವ ಬ್ಯಾಂಕುಗಳು ಎಚ್ಚರಿಕೆಯ ಸಂದೇಶವನ್ನೂ, ದೂರು ಕೊಡುವ ಕ್ರಮವನ್ನೂ ಕನ್ನಡದಲ್ಲಿ ಒದಗಿಸಬೇಕೆಂದೂ, ಪರದೇಶದ ಉಪಯೋಗವನ್ನು ತೆರೆಯುವ ಪ್ರತಿಯೊಬ್ಬ ಗ್ರಾಹಕನ ಕೈಗೆ ಒಂದು ಹಾಳೆಯ ಕನ್ನಡ ಸೂಚನೆಯನ್ನು ಕೊಡಬೇಕೆಂದೂ ನಾವು ಒತ್ತಾಯಪಡಿಸುತ್ತೇವೆ. ಇದಕ್ಕೆ ತಗಲುವ ವೆಚ್ಚವು ಒಂದು ಕಳವಿನ ವೆಚ್ಚಕ್ಕಿಂತ ಕಡಿಮೆ.

ಇಷ್ಟು ತೊಡಕಿದ್ದರೆ ಕಾರ್ಡೇ ಬೇಡ, ನೋಟುಗಳನ್ನೇ ಒಯ್ಯುತ್ತೇವೆಂದು ಹೇಳುವವರೂ ಇರಬಹುದು. ಕೈಖರ್ಚಿಗೆ ಸ್ವಲ್ಪ ನಗದು ಬೇಕು, ನಿಜ. ಆದರೆ ಕಳವಾದ ನೋಟು ಮರಳಿ ಬಾರದು. ಅದಕ್ಕೆ ದೂರಿನ ಸಂಖ್ಯೆಯಿಲ್ಲ, ಹತ್ತು ದಿವಸಗಳ ಜಮಾ ಇಲ್ಲ, ಓಂಬುಡ್ಸ್‌ಮನ್ನರಿಲ್ಲ. ಕಾರ್ಡಿನ ಹಿಂದೆ ಒಂದು ಕಾನೂನು ನಿಂತಿದೆ. ಆ ಕಾನೂನು ಎಚ್ಚೆತ್ತವನಿಗೆ ಮಾತ್ರ ನೆರವಾಗುತ್ತದೆ. ಬೆವರು ಸುರಿಸಿ ಗಳಿಸಿದ ಹಣವನ್ನು ನಂಬಿ ದೂರದೇಶದಲ್ಲಿ ಒಂಟಿಯಾಗಿ ನಿಂತಿರುವವನಿಗೆ ಅದೊಂದೇ ಬಂಧು, ಅದೊಂದೇ ಬಲ. ಹೊರಡುವವರು ಹೊರಡುವ ಮುಂಚೆ ಅರ್ಧ ಗಂಟೆಯ ಕಾಲವನ್ನು ಈ ಸಿದ್ಧತೆಗೆ ಮೀಸಲಿಡಲಿ. ಕಳುಹಿಸಿಕೊಡುವ ಮನೆಯವರು ತಿಂಡಿಯ ಡಬ್ಬಿಯೊಡನೆ ಬ್ಯಾಂಕಿನ ದೂರವಾಣಿ ಸಂಖ್ಯೆಯ ಚೀಟಿಯನ್ನೂ ಚೀಲದಲ್ಲಿಡಲಿ. ಬ್ಯಾಂಕಿನವರು ತಮ್ಮ ಪಾಲಿನ ಹೊಣೆಯನ್ನು ನಡೆಸಲಿ ಎಂದು ನಾವು ಹಾರೈಸುತ್ತೇವೆ.