ಎಲ್‌ಕೆಜಿ ಕೂಸಿಗೆ ಹೋಂವರ್ಕ್ ಯಾಕ್ರವ್ವ?

ನಮ್ಮ ವಿ.ಸಿ. ಫಾರಂ ಸುತ್ತಮುತ್ತಲ ಅಕ್ಕತಂಗೀರೇ, ನಾಲ್ಕು ವರ್ಷದ ಕೂಸಿನ ಕೈಗೆ ಪೆನ್ಸಿಲ್ ತುರುಕಿ ಪುಟಗಟ್ಟಲೆ ‘ಅ’ ತಿದ್ದಿಸಿದ್ರೆ ಬೆರಳು ನೋಯ್ತದೆ, ಓದು ಬರಲ್ಲ. ಓದು ಸುರುವಾಗೋದು ಕಿವೀಲಿ ಕಣ್ರವ್ವ. ಸೊಪ್ಪು ಸೋಸ್ತಾ, ‘ಕಬ್ಬು, ಕರು, ಕಣಜ... ಇನ್ನೊಂದು ಹೇಳು ಮಗ’ ಅಂತ ಆಡ್ಸಿ.

1995ರಲ್ಲಿ ಎಚ್.ಡಿ. ಕೋಟೇಲಿ ಹುಟ್ಟಿದ ನಲಿಕಲಿ, ಒಂದನೇ ಕ್ಲಾಸಿನ ಮಕ್ಕಳಿಗೇ ಆಟದಲ್ಲಿ ಕಲಿಸ್ತದೆ. ಅಆಇಈ ಸಾಲು ಬುಟ್ಟು ರ, ಗ, ಸ, ದ, ಅ ಇಂದ ಸುರು. ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ! ರಟ್ಟಿನ ಚೂರಲ್ಲಿ ಬರೆದುಕೊಟ್ಟು ಜೋಡಿಸಕ್ಕೆ ಬುಡಿ.

ಮೊದಲಕ್ಷರ ಅಕ್ಕಿ ಮೇಲೆ ಮುದ್ದಾಗಿ ಬರೆಸಿದೋರು ನಾವೇ. ಮಾರನೇ ದಿನವೇ ಬೆತ್ತ ಯಾಕೆ? ಮಿಸ್ಸನ್ನ ‘ಎಷ್ಟು ಪುಟ ಬರೆಸಿದ್ರಿ’ ಅನ್ನೋದು ಬುಟ್ಟು, ‘ಯಾವ ಆಟ ಆಡಿಸಿದ್ರಿ’ ಅಂತ ಕೇಳ್ರವ್ವ.